ನಮ್ಮ ಮನೆಯ ಶಿಲ್ಪಿ ಬಚ್ಚಲೋಜ

ಕಳೆದುಹೋದದ್ದನ್ನು ಹುಡುಕಿ ತಂದು ವಾರಸುದಾರರಿಗೆ ಒಪ್ಪಿಸುವುದರಲ್ಲಿ ಈ ಚನ್ನಪ್ಪನನ್ನು ಮೀರಿಸುವವನು ಅರಸೀಕೆರೆ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ಇದು ಜಂಬವಲ್ಲ, ನನ್ನ ಹೊಟ್ಟೆಪಾಡು. ನಾನು ರೈಲ್ವೆ ಸ್ಟೇಷನ್ನಿನ ಪಾರ್ಸಲ್ ಆಫೀಸಿನಲ್ಲಿ ಗುಮಾಸ್ತ. ಹುಬ್ಬಳ್ಳಿಗೆ ಹೋಗಬೇಕಾದ ಕೊಬ್ಬರಿ ಮೂಟೆ ಶಿವಮೊಗ್ಗದಲ್ಲಿ ಇಳಿದು ಕಣ್ಣುಮುಚ್ಚಾಲೆ ಆಡಿದರೂ, ಯಾರದೋ ಮದುವೆಯ ಬೀರು ಬೀರೂರಿನಲ್ಲಿ ಅನಾಥವಾಗಿ ನಿಂತರೂ ಪತ್ತೆ ಮಾಡಿ ತರಿಸಿದ ಮಹಾನುಭಾವ ನಾನು. ಹೀಗಿರುವಾಗ ತೊಂಬತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ನನ್ನ ಹೆಂಡತಿ ಲತಾಮಣಿ ಸೌಟು ಹಿಡಿದು ಒಲೆಯ ಮುಂದೆ ಅಳುತ್ತ ನಿಂತಿದ್ದಾಗ ಎದೆ ತಟ್ಟಿ ಹೇಳಿದೆ.

"ಅಳಬೇಡ ಕಣೇ. ನಿಮ್ಮಪ್ಪನ ನೆನಪು ಎಲ್ಲೇ ಕಳೆದುಹೋಗಿರ್ಲಿ, ನಾನು ಹುಡುಕಿ ತರ್ತೀನಿ."

"ಅದೇನು ಕೊಬ್ಬರಿ ಮೂಟೇನಾ?" ಎಂದಳು.

ನಮ್ಮ ಮಾವ ದ್ಯಾವಯ್ಯನವರು ಬೇಲೂರಿನ ಗುಡಿಯಲ್ಲಿ ಗೈಡು. ತಲೆ ನರೆಯುವವರೆಗೂ ಅದೇ ಕೆಲಸ. ಅತ್ತೆ ಮುದ್ದಮ್ಮನವರು ತೀರಿಕೊಂಡ ಮೇಲೆ ಮಾವನ ನೆನಪು ಒಂದೊಂದಾಗಿ ಕೈಬಿಡತೊಡಗಿತು. ಮೊದಲು ಕನ್ನಡಕ ಮರೆತರು, ಆಮೇಲೆ ಮನೆಯ ದಾರಿ ಮರೆತರು, ಆಮೇಲೆ ಮಗಳನ್ನು ಮರೆತರು. ಅವರಿಗೆ ಇದ್ದವಳು ಅವಳೊಬ್ಬಳೇ. ನಾವು ಅವರನ್ನು ಅರಸೀಕೆರೆಗೆ ಕರೆತಂದೆವು. ಬಂದ ದಿನ ಲತಾಮಣಿ ಕಾಲಿಗೆ ನೀರು ಕೊಟ್ಟರೆ "ಥ್ಯಾಂಕ್ಯೂ ಮೇಡಂ, ಯಾವೂರಿಂದ ಬಂದಿದ್ದೀರಾ?" ಎಂದು ಕೇಳಿದರು. ಅವಳು ಚೊಂಬನ್ನು ಅಲ್ಲೇ ಇಟ್ಟು ಒಳಗೆ ಹೋದಳು. ಒಂದೇ ಒಂದು ಸಲ ಅಪ್ಪ ತನ್ನನ್ನು ಗುರುತು ಹಿಡಿಯಲಿ ಎನ್ನುವುದು ಬಿಟ್ಟು ಅವಳಿಗೆ ಬೇರೆ ಆಸೆಯೇ ಉಳಿಯಲಿಲ್ಲ.

ಮಾವ ಎಲ್ಲ ಮರೆತರೂ ಗೈಡಿನ ಕೆಲಸ ಮರೆತಿರಲಿಲ್ಲ. ದಿನಾ ಕಾಫಿ ಆದ ಕೂಡಲೇ ಕೈಗೊಂದು ಸ್ಟೀಲ್ ತಟ್ಟೆ ತೆಗೆದುಕೊಂಡು ಎದ್ದುಬಿಡುತ್ತಿದ್ದರು. ಗುಡಿಯೊಳಗಿನ ಕತ್ತಲೆಗೆ ಬಾಗಿಲ ಬಿಸಿಲನ್ನು ತಟ್ಟೆಯಿಂದ ಹಾಯಿಸಿ, ಛತ್ತಿನ ಕೆತ್ತನೆ ತೋರಿಸುವುದು ಅವರ ರೂಢಿ. ಈಗ ಆ ಬಿಸಿಲೆಲ್ಲ ನಮ್ಮ ಅಡಿಗೆಮನೆಯ ಮೇಲೆ ಬೀಳುತ್ತಿತ್ತು.

"ಬನ್ನಿ ಸಾರ್, ಚಪ್ಪಲಿ ಆ ಕಡೆ ಬಿಡಿ. ಈ ಕಂಬ ನೋಡಿ. ಚಕ್ರಕ್ಕೆ ಕೊಟ್ಟು ಕಡೆದಿರೋದು. ಒಂದೇ ಕಲ್ಲು."

ಅದು ಗ್ಯಾಸ್ ಸಿಲಿಂಡರು. ನಾನು ಹೌದೌದು ಎಂದು ತಲೆಯಾಡಿಸಿ ಆಫೀಸಿಗೆ ಓಡುತ್ತಿದ್ದೆ. ಲತಾಮಣಿಗೆ ಓಡಲು ಆಫೀಸು ಇರಲಿಲ್ಲ. ಒಂದು ದಿನ ಪಕ್ಕದ ಮನೆಯ ಸುವರ್ಣಮ್ಮನವರು ಮೊಸರಿಗೆ ಹೆಪ್ಪು ಕೇಳಿಕೊಂಡು ಬಂದು ಮಾವನ ಕೈಗೆ ಸಿಕ್ಕಿಬಿದ್ದರು. ಮಾವ ಅವರನ್ನು ನಡುಮನೆಗೆ ಕರೆತಂದು, ಸೂರಿನ ಮೂಲೆಗೆ ತಟ್ಟೆಯ ಬೆಳಕು ಹಾಯಿಸಿದರು.

"ಈ ಜಾಲರಿ ನೋಡಿ ಮೇಡಂ. ಕೂದಲೆಳೆಯಂಗೆ ಕೆತ್ತವ್ರೆ. ಎಷ್ಟು ಕಾಲ ಹಿಡಿದಿರ್ಬೈದು ಹೇಳಿ."

"ಒಂದು ವರ್ಷವಾದ್ರೂ ಹಿಡಿದಿರುತ್ತೆ ಬಿಡಿ," ಎಂದು ಸುವರ್ಣಮ್ಮನವರು ಲತಾಮಣಿಯ ಮುಖ ನೋಡಿದರು. ಅದು ಜೇಡರಬಲೆ; ಪೊರಕೆ ಮುಟ್ಟಿಸದ ಮನೆಯೊಡತಿಯ ಹೊರತು ಅದಕ್ಕೆ ಬೇರೆ ಶಿಲ್ಪಿ ಇರಲಿಲ್ಲ. ಅವರು ಹೆಪ್ಪು ಮರೆತು ಸುದ್ದಿಯನ್ನು ಮಾತ್ರ ತೆಗೆದುಕೊಂಡು ಹೋದರು. ಸಂಜೆಯ ಹೊತ್ತಿಗೆ ಬೀದಿಯ ಹೆಂಗಸರೆಲ್ಲ ನಮ್ಮ ಜಾಲರಿ ನೋಡಲು ಬಂದರು.

ಆಗಲೇ ನಾನು ಎದೆ ತಟ್ಟಿದ್ದು. ಯೋಜನೆ ಸರಳವಾಗಿತ್ತು. ಕಳೆದುಹೋದ ಮಾಲನ್ನು ಮೊದಲು ಹೊರಟ ಸ್ಟೇಷನ್ನಿನಲ್ಲೇ ಹುಡುಕಬೇಕು. ಹೊರಟ ಸ್ಟೇಷನ್ನು ಬೇಲೂರು. ಭಾನುವಾರ ಮೂವರೂ ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿದೆವು. ಹಳೇಬೀಡಿನಲ್ಲಿ ಬಸ್ಸು ನಿಂತಾಗ ಮಾವ ಕಿಟಕಿಯಲ್ಲಿ ಒಮ್ಮೆ ಹೊರಗೆ ನೋಡಿದರು. ನಾನು ಹೆಂಡತಿಯ ಕಿವಿಯಲ್ಲಿ "ನೋಡ್ತಾ ಇರು, ಗುಡಿ ಬಾಗಿಲಲ್ಲಿ ಹೆಂಗೆ ನೆನಪು ಬರುತ್ತೆ" ಎಂದೆ. ಅವತ್ತು ಅವಳು ಮದುವೆಗೆ ಮೊದಲು ಹಾಕುತ್ತಿದ್ದ ಹಾಗೆ ಎರಡು ಜಡೆ ಹಾಕಿಕೊಂಡಿದ್ದಳು. ಮೂವತ್ತು ದಾಟಿದ ಹೆಂಗಸು ಎರಡು ಜಡೆಯಲ್ಲಿ ಬಸ್ಸು ಹತ್ತಿದ್ದನ್ನು ನೋಡಿ ಕಂಡಕ್ಟರು ಮುಸಿಮುಸಿ ನಕ್ಕ. ನನಗೂ ನಗು ಬಂದಿತ್ತು. ಯಾಕೆಂದು ಹೊಳೆದ ಮೇಲೆ ಬರಲಿಲ್ಲ.

ಗುಡಿಯಲ್ಲಿ ಏನೂ ಆಗಲಿಲ್ಲ. ನಮ್ಮ ಮನೆಯ ಸಿಲಿಂಡರಿನ ಮುಂದೆ ಅಷ್ಟೊಂದು ಮಾತಾಡುತ್ತಿದ್ದವರು ನಿಜವಾದ ಕಂಬಗಳ ಮುಂದೆ ಹೊಸಬರ ಹಾಗೆ ನಿಂತರು. ಬೇರೆ ಗೈಡುಗಳು ಬಂದು ಕೈ ಹಿಡಿದು "ದ್ಯಾವಣ್ಣ, ಚೆಂದಾಗಿದ್ದೀಯಾ?" ಎಂದರೆ, ಎಲ್ಲರಿಗೂ ನಮಸ್ಕಾರ ಮಾಡಿದರು. ಒಂದನ್ನು ಮಾತ್ರ ಬಿಡಲಿಲ್ಲ. ಗೋಡೆಯ ಪ್ರತಿಯೊಂದು ವಿಗ್ರಹದ ಮುಂದೆಯೂ ಸೊಂಟ ಬಗ್ಗಿಸಿ, ಪೀಠದಲ್ಲಿ ಅಕ್ಷರವಿದೆಯೇ ಎಂದು ಬೆರಳಾಡಿಸಿ ನೋಡುತ್ತಿದ್ದರು. ಅಕ್ಷರ ಸಿಕ್ಕಿದರೆ ಗಟ್ಟಿಯಾಗಿ ಓದುತ್ತಿದ್ದರು. ಆಮೇಲೆ ತಲೆಯೆತ್ತಿ, ಸೂರಿನ ಕೆಳಗಿನ ಮದನಿಕೆಗಳತ್ತ ಕೈ ತೋರಿಸಿದರು.

"ಮ್ಯಾಗಿರೋವು ದಾಸೋಜಂದೂ ಐತೆ, ಚಾವಣಂದೂ ಐತೆ. ಚಾವಣ ಅಂದ್ರೆ ದಾಸೋಜನ ಮಗ."

ಲತಾಮಣಿ ಮೆಲ್ಲಗೆ ಕೇಳಿದಳು, "ನಾನು ಯಾರ ಮಗಳಪ್ಪ?"

ಮಾವ ಅವಳ ಎರಡು ಜಡೆಗಳನ್ನು ನೋಡಿದರು. ನಿಜವಾಗಿಯೂ ಯೋಚನೆ ಮಾಡಿದರು.

"ಗೊತ್ತಿಲ್ಲ ಮೇಡಂ. ನಿಮ್ ಕಡೆಯೋರು ಯಾರಾದ್ರೂ ಜೊತೇಲಿ ಬಂದವ್ರಾ?"

ಎಂಟುನೂರು ಒಂಬೈನೂರು ವರ್ಷದ ಹಿಂದಿನ ಚಾವಣನ ಅಪ್ಪ ಯಾರೆಂದು ಗೊತ್ತು, ಎದುರಿಗೆ ನಿಂತವಳ ಅಪ್ಪ ಯಾರೆಂದು ಗೊತ್ತಿಲ್ಲ. ವಾಪಸು ಬರುವಾಗ ಲತಾಮಣಿ ಬಸ್ಸಿನಲ್ಲೇ ಜಡೆ ಬಿಚ್ಚಿ ತುರುಬು ಕಟ್ಟಿಕೊಂಡಳು. ನನ್ನ ಯೋಜನೆ ನೆಲಕಚ್ಚಿತ್ತು. ಆದರೆ ಒಂದು ಸಲ ಸೋತೆನೆಂದು ಸುಮ್ಮನಿರುವ ಜಾಯಮಾನ ನನ್ನದಲ್ಲವಲ್ಲ! ಜಾವಗಲ್ ದಾಟುವಷ್ಟರಲ್ಲಿ ನನ್ನ ತಲೆಯಲ್ಲಿ ದೀಪ ಹತ್ತಿತು.

"ಮಾವ ಮುಖ ಮರೆತಿದ್ದಾರೆ, ಅಕ್ಷರ ಮರೆತಿಲ್ಲ. ನಮ್ಮ ತಪ್ಪೇನು ಗೊತ್ತೇನೇ? ನಿನ್ನ ಮೇಲೆ ಹೆಸರಿಲ್ಲ. ವಿಳಾಸ ಬರೆಯದ ಪಾರ್ಸಲ್ಲು ಯಾವ ಊರಿಗೆ ತಲುಪುತ್ತೆ?"

"ನನ್ನನ್ನ ಪಾರ್ಸಲ್ ಮಾಡ್ತೀರಾ?"

"ಮನೆಯನ್ನೇ ಮಾಡ್ತೀನಿ."

ಮಾರನೆಯ ದಿನ ರಜೆ ಹಾಕಿ ರಟ್ಟಿನ ಚೀಟಿಗಳನ್ನು ಕತ್ತರಿಸಿ, ತೂತು ಕೊರೆದು, ದಾರ ಪೋಣಿಸಿದೆ. ಮೂಟೆಗಳ ಮೇಲೆ ಬರೆಯುವ ಕಪ್ಪು ಮಸಿಯಲ್ಲಿ ದಪ್ಪದಪ್ಪವಾಗಿ ಬರೆದೆ. ಬಾಗಿಲಿಗೆ ಬಾಗಿಲು, ಬೀರುವಿಗೆ ಬೀರು, ಬಚ್ಚಲಿಗೆ ಬಚ್ಚಲು. ಮಾವ ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದಾಗ ಮನೆ ತುಂಬ ಚೀಟಿಗಳು ನೇತಾಡುತ್ತಿದ್ದವು. ಅವರ ಕಣ್ಣು ಅರಳಿತು. ತಟ್ಟೆ ತೆಗೆದುಕೊಂಡು ನೇರವಾಗಿ ಬಚ್ಚಲ ಬಾಗಿಲಿಗೆ ಹೋಗಿ, ಬಗ್ಗಿ ಓದಿದರು.

"ಬಚ್ಚಲು."

ನಾನು ಹೆಂಡತಿಗೆ ಹುಬ್ಬು ಹಾರಿಸಿದೆ. ಜಯ ಸಿಕ್ಕಿತ್ತು. ಆದರೆ ಮಾವನ ಮಾತು ಮುಗಿದಿರಲಿಲ್ಲ.

"ಬಚ್ಚಲೋಜ ಅಂತ ಇರ್ಬೇಕು ಸಾರ್. ಓಜ ಅಳಿಸೋಗೈತೆ. ಇವನ ಕೆಲಸ ನಾನು ಇದೇ ಮೊದಲು ನೋಡ್ತಿರೋದು. ಯಾರೂ ಮುಟ್ಬ್ಯಾಡಿ. ಎಣ್ಣೆ ಕೈ ತಾಕಿದ್ರೆ ಕಲ್ಲು ಕಪ್ಪಿಡೀತದೆ."

ಬಚ್ಚಲ ಮುಂದೆ ಕುರ್ಚಿ ಹಾಕಿಕೊಂಡು ಕಾವಲಿಗೆ ಕೂತೇಬಿಟ್ಟರು. ಮಾರನೆಯ ಬೆಳಿಗ್ಗೆಯೂ ಅಲ್ಲಿಂದ ಏಳಲಿಲ್ಲ. ನಾನು ಟವೆಲ್ಲು ಹೆಗಲ ಮೇಲೆ ಹಾಕಿಕೊಂಡು ದೀನನಾಗಿ ನಿಂತರೆ "ಒಳಗೆ ರಿಪೇರಿ ನಡೀತೈತೆ ಸಾರ್, ನಾಳಿಕ್ ಬನ್ನಿ" ಎಂದರು. ಸ್ನಾನವಿಲ್ಲದೆ ಆಫೀಸಿಗೆ ಹೋದೆ. ಅವತ್ತು ಹುಬ್ಬಳ್ಳಿಯ ಮೀನಿನ ಬುಟ್ಟಿ ಎಲ್ಲಿಟ್ಟಿದ್ದೀರಿ ಎಂದು ಸಹೋದ್ಯೋಗಿಗಳು ನನ್ನನ್ನೇ ಕೇಳಿದರು. ಬುಟ್ಟಿ ಬಂದೇ ಇರಲಿಲ್ಲ.

ಸಂಜೆ ಮನೆಗೆ ಬಂದಾಗ ಲತಾಮಣಿ ಕಾದಿದ್ದಳು.

"ಗುಡೀಲಿ ಅಪ್ಪ ಬಗ್ಗಿ ಬಗ್ಗಿ ಓದಿದ್ದು ಏನು ಅಂತ ತಿಳ್ಕೊಂಡ್ರಿ? ಪೀಠದಲ್ಲಿರೋದು ವಿಗ್ರಹದ ಹೆಸರಲ್ಲ ಕಣ್ರೀ, ಕೆತ್ತಿದವನ ಹೆಸರು. ಬೇಲೂರಲ್ಲಿ ಹಾಲು ಕುಡಿಯೋ ಕೂಸಿಗೂ ಗೊತ್ತು. ಅರಸೀಕೆರೆಯೋರಿಗೆ ಕೊಬ್ಬರಿ ಬಿಟ್ಟು ಇನ್ನೇನು ಗೊತ್ತಿರುತ್ತೆ?"

"ಬಾಗಿಲು ಬೇರೆ, ಮಗಳು ಬೇರೆ ಕಣೇ. ನಿನ್ನ ಹೆಸರು ಓದಿದ್ರೆ ನೆನಪು ತಾನಾಗೇ ಬರುತ್ತೆ."

ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ನಾನು ಬರೆದುಕೊಟ್ಟ ಚೀಟಿಯನ್ನು ತೆಗೆದುಕೊಂಡಳು. ಅಪ್ಪನ ಬಾಯಲ್ಲಿ ತನ್ನ ಹೆಸರು ಕೇಳಿ ವರ್ಷವಾಗಿತ್ತು. ಓದಿಸಿಯಾದರೂ ಕೇಳೋಣ ಎನ್ನಿಸಿರಬೇಕು. ಮುಖ ತೊಳೆದು, ಕುಂಕುಮ ಇಟ್ಟುಕೊಂಡು, ಚೀಟಿಯನ್ನು ಸೆರಗಿಗೆ ಪಿನ್ನು ಹಾಕಿಕೊಂಡು, ಅಪ್ಪನ ಕುರ್ಚಿಯ ಮುಂದೆ ನಿಂತಳು.

ಮಾವ ಬಗ್ಗಿದರು. ಒಂದೊಂದೇ ಅಕ್ಷರ ಕೂಡಿಸಿದರು.

"ಲತಾಮಣಿ."

"ಏನಪ್ಪಾ," ಎಂದಳು ಅವಳು, ಪಕ್ಕದ ಕೋಣೆಯಿಂದ ಕರೆದರೆ ಓಗೊಡುವ ಹಾಗೆ.

ಮಾವ ನನ್ನ ಕಡೆ ತಿರುಗಿದರು. "ಹೆಂಗಸು ಕೆತ್ತಿರೋದು ಅಪರೂಪ ಸಾರ್."

ಲತಾಮಣಿ ಅಡಿಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಹೊರಗೆ ನಿಂತು "ಲತಾ, ನನ್ನದೇ ತಪ್ಪು ಕಣೇ" ಎಂದೆ. ಅದು ಅವಳಿಗೆ ಹೊಸ ಸುದ್ದಿಯೇನಲ್ಲ. ಕಳೆದ ಮಾಲುಗಳನ್ನು ಹುಡುಕುವ ಶೂರ ಮಹಾಶಯ ತನ್ನ ಹೆಂಡತಿಯನ್ನು ತನ್ನ ಮನೆಯಲ್ಲೇ ಇನ್ನೊಂದು ಸಲ ಕಳೆದು ಹಾಕಿದ್ದ. ಆ ನೆನಪು ಸ್ಟೇಷನ್ನು ಬಿಟ್ಟು ಹೋಗಿಯಾಗಿದೆ, ಇನ್ನು ಯಾವ ಗಾಡಿಯಲ್ಲೂ ವಾಪಸು ಬರುವುದಿಲ್ಲ ಎಂದು ನನಗೆ ಅವತ್ತು ಖಾತ್ರಿಯಾಯಿತು. ಚೀಟಿಗಳನ್ನೆಲ್ಲ ಕಿತ್ತುಬಿಡೋಣವೆಂದು ಕೈ ಹಾಕಿದೆ.

ಆಗ ಬಾಗಿಲು ತೆರೆಯಿತು. ಲತಾಮಣಿಯ ಕಣ್ಣು ಕೆಂಪಾಗಿತ್ತು. ಸೆರಗಿನ ಮೇಲೆ ಅದೇ ಚೀಟಿಯಿತ್ತು, ಆದರೆ ಮಗ್ಗುಲು ತಿರುಗಿತ್ತು. ಚೀಟಿಯ ಖಾಲಿ ಬೆನ್ನ ಮೇಲೆ ಅವಳೇ ಬರೆದಿದ್ದಳು. ಅವಳು ಮತ್ತೆ ಅಪ್ಪನ ಮುಂದೆ ಹೋಗಿ ನಿಂತಳು.

"ಇದನ್ನ ಓದಪ್ಪ."

ಮಾವ ಬಗ್ಗಿ ಬೆರಳಾಡಿಸಿದರು. "ಬೇಲೂರು ದ್ಯಾವಯ್ಯ."

ಓದಿ, ನೆಟ್ಟಗೆ ನಿಂತು, ತಟ್ಟೆ ತಿರುಗಿಸಿ ಕಿಟಕಿಯ ಸಂಜೆ ಬಿಸಿಲನ್ನು ಮಗಳ ಮುಖಕ್ಕೆ ಹಾಯಿಸಿದರು. ಬೈತಲೆಯಿಂದ ಗಲ್ಲದವರೆಗೂ ನೋಡಿದರು. ಅವರು ನಮ್ಮ ಮನೆಗೆ ಬಂದ ಮೇಲೆ ಅವಳನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.

"ಯಾರೋ ಗೊತ್ತಿಲ್ಲ ಸಾರ್ ಈ ದ್ಯಾವಯ್ಯ," ಎಂದರು. "ಆದ್ರೆ ಒಳ್ಳೆ ಕೈ. ಈ ಹುಬ್ಬು ನೋಡಿ, ಎಷ್ಟು ಪಿರೂತಿಯಿಂದ ಮಾಡವ್ನೆ. ಇದೊಂದೇ ಮಾಡಿರ್ಬೇಕು ಅವನು. ಇನ್ನೊಂದು ಮಾಡಿದ್ರೆ ನನ್ನ ಕಣ್ಣಿಗೆ ಬೀಳ್ತಿತ್ತು."

ಲತಾಮಣಿಯ ಕೆನ್ನೆಯ ಮೇಲೆ ನೀರು ಇಳಿಯಿತು. ಮಾವನಿಗೆ ಗಾಬರಿಯಾಯಿತು.

"ಸೂರು ಸೋರ್ತೈತೆ ಸಾರ್. ಹಿಂಗೇ ಬಿಟ್ರೆ ಮುಖ ಸವೆದೋಗ್ತದೆ." ಹೆಗಲ ಮೇಲಿನ ವಸ್ತ್ರ ತೆಗೆದು, ಅದರ ಮೆತ್ತನೆಯ ತುದಿ ಹುಡುಕಿ, ಅವಳ ಕೆನ್ನೆ ಒರೆಸಿದರು. ಒರೆಸಿದಷ್ಟೂ ನೀರು ಬಂತು. ಅವರಿಗೆ ಬೇಸರವಾಗಲಿಲ್ಲ, ಒರೆಸುತ್ತಲೇ ಇದ್ದರು. ಅವಳು ಕಣ್ಣು ಮುಚ್ಚಿಕೊಂಡು ಅಲ್ಲಾಡದೆ ನಿಂತಿದ್ದಳು. ನಾನು ಗೋಡೆಯ ಕಡೆ ತಿರುಗಿ ಅತ್ತುಬಿಟ್ಟೆ.

ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಆದರೆ ಮಾವನ ಬಾಯಲ್ಲಿ ನನಗೂ ಒಂದು ಒಳ್ಳೆಯ ಮಾತು ಬೇಕು ಎನ್ನುವ ಚಪಲ ಬಿಡಬೇಕಲ್ಲ! ಹತ್ತು ವರ್ಷ ಅವರ ಅಳಿಯನಾಗಿದ್ದೇನೆ. ಇನ್ನೊಂದು ಚೀಟಿಯಲ್ಲಿ "ಬೇಲೂರು ದ್ಯಾವಯ್ಯ" ಎಂದು ಬರೆದು, ಅಂಗಿಯ ಗುಂಡಿಗೆ ಸಿಕ್ಕಿಸಿಕೊಂಡು, ಎದೆಯುಬ್ಬಿಸಿ ಹೆಂಡತಿಯ ಪಕ್ಕದಲ್ಲಿ ನಿಂತೆ.

ಮಾವ ಓದಿದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ತಟ್ಟೆಯ ಬೆಳಕು ಹಾಯಿಸುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ.

"ಇದು ಅವನ ಕೆಲಸ ಅಲ್ಲ. ಯಾರೋ ಸುಳ್ಳು ಹೆಸರು ಹಾಕವ್ರೆ. ಆಮೇಲೆ ತಂದು ಸೇರಿಸಿರೋದು."

ಲತಾಮಣಿ ಅಳುತ್ತಲೇ ನಕ್ಕುಬಿಟ್ಟಳು. ಆ ಮನೆಯಲ್ಲಿ ಅವಳ ನಗು ಕೇಳಿ ಬಹಳ ಕಾಲವಾಗಿತ್ತು. ಸೋತ ದನಿಯಲ್ಲಿ ನಾನು ಕೇಳಿದೆ, "ಹಂಗಾದ್ರೆ ಇದನ್ನ ಕಿತ್ತು ಆಚೆಗೆ ಹಾಕ್ಬಿಡೋಣ್ವಾ ಮಾವ?"

"ಬ್ಯಾಡ ಸಾರ್," ಎಂದರು ಮಾವ. "ತೊಲೆ ಬಿರುಕು ಬಿಟ್ಟಾಗ ಆಸರೆಗೆ ಅಂತ ಕೊಟ್ಟಿರೋ ಕಂಬ ಇದು. ತೆಗೆದ್ರೆ ಅದು ನಿಲ್ಲಾಕಿಲ್ಲ." ಆಮೇಲೆ ಮಗಳ ಕೈ ಹಿಡಿದುಕೊಂಡರು. "ಇದ್ರಾಗೆ ನೋಡಾಕೆ ಏನೂ ಇಲ್ಲ. ಮುಂದಕ್ಕೆ ಬನ್ನಿ ಮೇಡಂ."