ಬೆನ್ನಿನ ಗಜಕರ್ಣಕ್ಕೆ ಸೀಮೆ ಅಗಸೆ

ದೇವರು ಮನುಷ್ಯನಿಗೆ ಎರಡು ಕೈ ಕೊಟ್ಟೂ, ಬೆನ್ನಿನ ನಡುವೆ ಅವೆರಡಕ್ಕೂ ಎಟುಕದ ಅಂಗೈಯಗಲದ ಜಾಗವನ್ನು ಯಾಕೆ ಉಳಿಸಿದನೋ! ಮದುವೆಯಾಗಿ ಇಷ್ಟು ವರ್ಷ ನನಗೆ ಈ ಪ್ರಶ್ನೆ ಹುಟ್ಟಿರಲಿಲ್ಲ. ಬ್ಯಾಂಕಿನವರು ನನ್ನ ಹೆಂಡತಿ ಶಾರದೆಯನ್ನು ಉಡುಪಿಗೆ ವರ್ಗ ಮಾಡಿ, ಕೋಪರಖೈರಣೆಯ ಮನೆಯಲ್ಲಿ ನಾನೊಬ್ಬನೇ ಉಳಿದ ಮೇಲೆ ಹುಟ್ಟಿತು. ಆ ಮಳೆಗಾಲ, ಲೋಕಲ್ ರೈಲಿನ ಬೆವರಿನಲ್ಲಿ ನೆಂದು ನೆಂದು, ಸರಿಯಾಗಿ ಅದೇ ಜಾಗದಲ್ಲಿ ಗಜಕರ್ಣ ಎದ್ದಿತು. ಅಂಗಡಿಯ ಮುಲಾಮು ಅಲ್ಲಿಗೆ ತಲುಪಲಿಲ್ಲ. ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜುತ್ತ ನಿಂತರೆ ಎದುರು ಫ್ಲ್ಯಾಟಿನ ಮರಾಠಿ ಅಜ್ಜಿ, “ಕಾಯ್ ಝಾಲಂ?” ಎಂದು, ಏನಾಯಿತೆಂದು ಕೇಳುವರು. “ವ್ಯಾಯಾಮ” ಎನ್ನುತ್ತಿದ್ದೆ.

ಫೋನಿನಲ್ಲಿ ಹೇಳಿದ್ದೇ ತಡ, ಶಾರದೆ ಸೀಮೆ ಅಗಸೆ ಸೊಪ್ಪನ್ನು ಬಸ್ಸಿನಲ್ಲಿ ಕಳಿಸಿದಳು. ಅರೆದು ಹಚ್ಚಬೇಕಂತೆ. ನಾನೋ ತುರ್ಭೆಯ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಸಿ ಕೊಲ್ಲುವ ಕೆಲಸದವನು. ಪರೀಕ್ಷಿಸದೆ ಹಚ್ಚುವುದುಂಟೆ? ಮೇಲಿನವರನ್ನು ಕೇಳಿ, ಸೊಪ್ಪಿನ ರಸ ತೆಗೆದು, ಒಂದು ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ, ಇನ್ನೊಂದರಲ್ಲಿ ಗಜಕರ್ಣದ ಬೂಷ್ಟು ಬಿತ್ತಿ, ನಡುವೆ ಕೊರೆದ ಗುಳಿಯಲ್ಲಿ ರಸ ಹಾಕಿ ಕಾದೆ.

“ಹಚ್ಚಿದ್ರಾ?” ದಿನಾ ಸಂಜೆ ಶಾರದೆಯ ಫೋನು.

“ಪರೀಕ್ಷೆಗೆ ಇಟ್ಟಿದ್ದೇನೆ.”

“ನಿಮ್ಮ ಪರೀಕ್ಷೆ ಮುಗಿಯುವವರೆಗೆ ತುರಿಕೆ ಕಾಯ್ತದಾ ಮಾರಾಯ್ರೆ?”

ನಿಜ ಹೇಳಬೇಕೆಂದರೆ, ಆ ಬೈಗುಳಕ್ಕಾಗಿಯೇ ನಾನು ಸಂಜೆಯ ದಾರಿ ನೋಡುತ್ತಿದ್ದೆ. ಅದು ಮುಗಿದರೆ ಮನೆಯಲ್ಲಿ ಮಾತಾಡಲು ಕುಕ್ಕರ್ ಒಂದೇ.

ಒಂದು ಬೆಳಿಗ್ಗೆ ಸಹೋದ್ಯೋಗಿ ಸ್ನೇಹಲ್ ತಟ್ಟೆ ಹಿಡಿದು ಓಡಿಬಂದಳು. “ಸರ್, ದೇಖೋ ನಾ! ಏಕ್‌ದಮ್ ಸಾಫ್!” ಬ್ಯಾಕ್ಟೀರಿಯಾಕ್ಕೆ ಸೊಪ್ಪಿನ ಭಯ ಅಷ್ಟಕ್ಕಷ್ಟೇ. ಬೂಷ್ಟಿನ ತಟ್ಟೆಯಲ್ಲಿ ಮಾತ್ರ ಗುಳಿಯ ಸುತ್ತ ಏನೂ ಬೆಳೆಯದ ದುಂಡನೆಯ ಬಯಲು. ಹೆಮ್ಮೆಯಿಂದ ಶಾರದೆಗೆ ಫೋಟೋ ಕಳಿಸಿದೆ. ಕೂಡಲೇ ಫೋನು ಬಂತು.

“ಅದು ಸರಿ. ಬೆನ್ನಿಗೆ ಯಾರು ಹಚ್ತಾರೆ?”

“ಯಾರೂ ಇಲ್ಲ” ಎಂದೆ.

“ಅಷ್ಟನ್ನು ಮೊದಲೇ ಹೇಳ್ಲಿಕ್ಕೆ ಆಗ್ಲಿಲ್ವಾ ನಿಮ್ಗೆ?” ಎಂದಳು.

ಆ ಶನಿವಾರವೇ ಹೊಸ ಸೊಪ್ಪಿನ ಚೀಲದೊಂದಿಗೆ ಠಾಣೆಯ ರೈಲು ನಿಲ್ದಾಣದಲ್ಲಿ ಇಳಿದಳು. ರಜೆ ಹಾಕಿ ಉಳಿದು, ದಿನವೂ ಅರೆದು ಹಚ್ಚಿದಳು. ತಣ್ಣನೆಯ ಸೊಪ್ಪು, ಅದರ ಮೇಲೆ ಬಿಸಿಬಿಸಿ ಬೈಗುಳ. ಇಂಥ ಸುಖದ ಕಾಯಿಲೆಯನ್ನು ನಾನು ಅನುಭವಿಸಿದ್ದಿಲ್ಲ. ಗಜಕರ್ಣ ಬಾಡಿತು. ರಜೆಯೂ ಮುಗಿಯಿತು. ಅವಳನ್ನು ರೈಲು ಹತ್ತಿಸಿ ಬಂದ ದಿನ ಅನ್ನ ಇಬ್ಬರಿಗಾಗುವಷ್ಟು ಬೇಯಿಸಿಬಿಟ್ಟೆ.

ಈಗ ಬೆನ್ನು ನುಣ್ಣಗಿದೆ. ನಿನ್ನೆ ಅವಳು, “ಪೂರ್ತಿ ಹೋಯ್ತಾ?” ಎಂದು ಕೇಳಿದಳು. ಸಾಕ್ಷಿಯಿಲ್ಲದೆ ಏನನ್ನೂ ಒಪ್ಪದ ನಾನು, “ಇಲ್ಲ, ಇನ್ನೂ ಚೂರು ಉಂಟು” ಎಂದೆ.