ಹಸಿರು ಮಾತ್ರೆಗೆ ಹೆಂಡತಿಯ ಸಾಕ್ಷಿ

ಹೆಂಡತಿ ಕೊಟ್ಟ ಮಾತ್ರೆಯಿಂದ ಕೆಟ್ಟೆ ಎಂದರೆ ನೀವು ನಂಬುವುದಿಲ್ಲ, ಹೆಂಡತಿಯಂತೂ ನಂಬುವುದೇ ಇಲ್ಲ. ಆದರೂ ಹೇಳಿಬಿಡುತ್ತೇನೆ.

ನಾನು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಇಪ್ಪತ್ತೆರಡು ವರ್ಷದಿಂದ ಪಕ್ಕದ ಸೀಟಿನಲ್ಲಿ ಕೂತು, ಕಂಡಕಂಡವರ ಕೈಗೆ ಪ್ರಾಣ ಕೊಟ್ಟು, ನನ್ನ ಕಾಲ ಕೆಳಗಿನ ಇನ್ನೊಂದು ಬ್ರೇಕನ್ನು ನಂಬಿ ಬದುಕಿದವನು. ಈ ಅಭ್ಯಾಸ ಹಾಸಿಗೆಗೂ ಬಂತು. ನಿದ್ದೆಯಲ್ಲೂ ಬ್ರೇಕ್ ಒತ್ತುತ್ತೇನಂತೆ. (ಇದು ಒತ್ತಿಸಿಕೊಂಡವಳ ಹೇಳಿಕೆ.)

ಒಂದು ದಿನ ಅವಳು ಹಸಿರು ಮಾತ್ರೆಗಳ ಡಬ್ಬಿ ತಂದಳು. "ಬರೀ ಬೇರು, ಎಲೆ. ಮಲಗೋ ಮುಂಚೆ ಒಂದು ತಗೊಳ್ಳಿ. ನನ್ನ ಮೊಣಕಾಲಾದ್ರೂ ಉಳಿಯುತ್ತೆ."

ಮಾತ್ರೆ ಕೆಲಸ ಮಾಡಿತು. ಆಗ ನನ್ನ ಮಹಾಮಿದುಳಿಗೆ ದಿವ್ಯಾಲೋಚನೆಯೊಂದು ಹೊಳೆಯಿತು. ರಾತ್ರಿ ಒಂದು ಮಾತ್ರೆಗೇ ಇಷ್ಟು ಶಾಂತಿಯಾದರೆ, ಶಿಷ್ಯಕೋಟಿಯೊಡನೆ ಸೆಣಸುವ ಹಗಲಿಗೆ ಎರಡಾದರೂ ಬೇಡವೇ? ಬೇರು, ಎಲೆ ತಿಂದು ಯಾರಿಗೆ ಏನಾಗಿದೆ? ಬೆಳಗ್ಗೆ ಅವಳಿಗೆ ಕಾಣದಂತೆ ಎರಡು ನುಂಗಿ, ಡಬ್ಬಿಯನ್ನು ಜೇಬಿಗಿಳಿಸಿದೆ.

ಹತ್ತೂವರೆಗೆ ಶಿಷ್ಯೆಯೊಬ್ಬಳನ್ನು ಅವಳ ಆಫೀಸಿನ ಮುಂದೆ ಇಳಿಸಿ, ಸ್ಕೂಲಿನ ಕಾರನ್ನು ನಾನೇ ಓಡಿಸಿಕೊಂಡು ಹೊರಟೆ. ಸಿಗ್ನಲ್ ಹಸಿರಾಯಿತು, ಕೆಂಪಾಯಿತು, ಮತ್ತೆ ಹಸಿರಾಯಿತು. ನಾನು ಯಾರ ಮೇಲೂ ದ್ವೇಷವಿಲ್ಲದೆ ನಿಂತೇ ಇದ್ದೆ. ಹಿಂದಿನವರ ಹಾರ್ನು ಜೋಗುಳದಂತೆ ಕೇಳಿಸುತ್ತಿತ್ತು. ಆಮೇಲೆ ಕಾರು ಮೆಲ್ಲಗೆ ಹೋಗಿ ಟ್ರಾಫಿಕ್ ಪೊಲೀಸರ ಬ್ಯಾರಿಕೇಡಿಗೆ ಮೂತಿ ತಾಗಿಸಿ ನಿಂತಿತು.

ಅಲ್ಲಿದ್ದ ಇನ್‌ಸ್ಪೆಕ್ಟರಮ್ಮ ಕುಡಿತ ಅಳೆಯುವ ಯಂತ್ರಕ್ಕೆ ಊದಿಸಿದರು. ಸೊನ್ನೆ. ನಾನು ಎದೆಯುಬ್ಬಿಸಿದೆ. "ಸರಿ, ಈ ಗೆರೆ ಮೇಲೆ ನಡೀರಿ" ಎಂದರು. ಗೆರೆ ಒಂದು ಕಡೆ ಹೋಯಿತು, ನಾನೊಂದು ಕಡೆ.

"ಬರೀ ಗಿಡಮೂಲಿಕೆ ಮೇಡಂ" ಎಂದು ಡಬ್ಬಿ ಕೊಟ್ಟೆ. "ಬೇಕಾದ್ರೆ ನನ್ನ ಹೆಂಡ್ತೀನೇ ಕೇಳಿ."

ಲೈಸೆನ್ಸ್ ಹೋದರೆ ನನ್ನ ಹೊಟ್ಟೆಪಾಡೇ ಹೋದಂತೆ. ನಿಜಕ್ಕೂ ಹೆದರಿದ್ದೆ. ಫೋನ್ ಮಾಡಿದ ಹತ್ತೇ ನಿಮಿಷದಲ್ಲಿ ಆಟೋದಲ್ಲಿ ಬಂದಿಳಿದ ಹೆಂಡತಿ ನನ್ನ ಪರ ಸೊಂಟ ಕಟ್ಟಿ ನಿಂತಳು.

"ಇವ್ರು ಕುಡಿಯೋರೇ ಅಲ್ಲ ಮೇಡಂ. ಈ ಮಾತ್ರೆ ಒಂದು ತಗೊಂಡ್ರೆ ಸಾಕು, ಮಂಚದಿಂದ ಬಿದ್ರೂ ಎಚ್ಚರ ಆಗಲ್ಲ."

ಇನ್‌ಸ್ಪೆಕ್ಟರಮ್ಮ ಬರೆದುಕೊಂಡರು. ನಾನು ಕಣ್ಸನ್ನೆ ಮಾಡಿದೆ.

"ನೋಡಿ, ಕಣ್ಣು ಹೇಗೆ ಎಳೀತಿದೆ. ಪಾಪ, ಡಬ್ಬಿ ಮೇಲೇ ಬರ್ದಿದಾರೆ, ಇದು ತಗೊಂಡು ಗಾಡಿ ಓಡಿಸಬಾರದು ಅಂತ. ಅಷ್ಟು ಪ್ರಾಮಾಣಿಕ ಔಷಧಿ."

"ಅಮಲು ಬೇರಿಂದ ಬಂದ್ರೂ ಕೇಸು ಕೇಸೇ ಸಾರ್" ಎಂದು ಇನ್‌ಸ್ಪೆಕ್ಟರಮ್ಮ ನನ್ನ ಲೈಸೆನ್ಸ್ ತೆಗೆದಿಟ್ಟುಕೊಂಡರು. "ಈ ಕಾರು ಈಗ ಯಾರು ಓಡಿಸ್ತೀರಿ?"

"ನಾನು" ಎಂದು ಹೆಂಡತಿ ಪರ್ಸಿನಿಂದ ತನ್ನ ಲೈಸೆನ್ಸ್ ತೆಗೆದಳು.

ನನ್ನ ಅಮಲು ಅಲ್ಲೇ ಜರ್ರನೆ ಇಳಿಯಿತು. ನನ್ನನ್ನು ಹಿಂದಿನ ಸೀಟಿಗೆ ತಳ್ಳಿ, ಎರಡು ಲಾರಿಗಳ ನಡುವಿಂದ ಕಾರನ್ನು ರಿವರ್ಸ್ ತೆಗೆದು ಹೊರಟಳು. ಬೈಯಲು ಒಂದು ತಪ್ಪಾದರೂ ಸಿಕ್ಕೀತೆಂದು ಮೂರು ತಿರುವಿನವರೆಗೂ ಕಾದೆ. ಸಿಗಲಿಲ್ಲ.

"ಯಾವಾಗ ಕಲಿತೆ?"

"ಎರಡು ವರ್ಷ ಆಯ್ತು. ನಿಮ್ಮ ಸ್ಕೂಲಿನ ಎದುರಿಗೆ ಇನ್ನೊಂದು ಡ್ರೈವಿಂಗ್ ಸ್ಕೂಲಿದೆಯಲ್ಲ, ಅಲ್ಲಿ."

ನನಗೆ ಹೊಟ್ಟೆಯುರಿಯಿತು. "ಮನೇಲೇ ಮೇಷ್ಟ್ರು ಇಟ್ಕೊಂಡು ಅವನ ಹತ್ರ ಯಾಕೆ ಹೋದೆ?"

"ಮೊದ್ಲು ನಿಮ್ಮ ಸ್ಕೂಲಿಗೇ ಹೋಗಿದ್ದೆ ಕಣ್ರೀ. ನಿಮ್ಮ ಓನರ್ರೇ ಎದುರಿನ ಬೋರ್ಡು ತೋರಿಸಿದ್ರು. ನಿಜವಾಗ್ಲೂ ಕಲೀಬೇಕು ಅಂತಿದ್ರೆ ಅಲ್ಲಿಗೆ ಹೋಗಮ್ಮ ಅಂದ್ರು."