ಕನ್ನಡ ಮೇಷ್ಟ್ರ ಕೈಬರಹ

ಪೆನ್ನು ಕಂಡ ಕಡೆಯೆಲ್ಲ ಮಾನ ಕಳೆದುಕೊಂಡು ಬರೋದು ನನಗೀಗ ರೂಢಿಯಾಗಿಬಿಟ್ಟಿದೆ. ನಾನು ತುಮಕೂರಿನಲ್ಲಿ ಹೈಸ್ಕೂಲ್ ಕನ್ನಡ ಮೇಷ್ಟ್ರು. ಕೆಲವು ವರ್ಷಗಳಿಂದ ಬರೆಯೋಕೆ ಕೂತರೆ ಬಲಗೈ ಬೆರಳು ಸೆಟೆದು ಮುರುಟಿಕೊಳ್ಳುತ್ತವೆ. ಅದೇ ಕೈ ತೆಂಗಿನಕಾಯಿ ಸುಲಿಯುತ್ತೆ, ಸ್ಕೂಟರ್ ಓಡಿಸುತ್ತೆ. "ಕೈಯಲ್ಲಿ ದೋಷ ಇಲ್ಲ. ಬರೆಯುವಾಗ ಮಾತ್ರ ಮೆದುಳಿನ ಅಪ್ಪಣೆ ಎಡವಟ್ಟಾಗುತ್ತೆ" ಎಂದರು ನರರೋಗದ ಡಾಕ್ಟರು. ಯಾರಿಗೆ ಹೇಳಿದರೂ ನಂಬೋಲ್ಲ.

೧. ಬ್ಯಾಂಕಿನಲ್ಲಿ

"ಸೈನ್ ಮ್ಯಾಚ್ ಆಗ್ತಿಲ್ಲ, ಇನ್ನೊಂದ್ಸಲ ಹಾಕಿ" ಎಂದಳು ಕೌಂಟರಿನ ಹುಡುಗಿ. ಹಾಕಿದೆ.

"ಇದು ನೀವು ಆಗ್ಲೇ ಹಾಕಿದ್ದಕ್ಕೂ ಮ್ಯಾಚ್ ಆಗ್ತಿಲ್ವಲ್ಲ ಅಂಕಲ್!"

ಹಿಂದೆ ನಿಂತಿದ್ದ ಹಳೇ ಶಿಷ್ಯನೊಬ್ಬ ನನ್ನ ಮರ್ಯಾದೆ ಉಳಿಸಲು ಕೂಗಿದ: "ಮೇಡಂ, ಇವ್ರು ನಮ್ ಕನ್ನಡ ಮೇಷ್ಟ್ರು! ನಮಗೆ ಕಾಪಿ ಬರೆಸ್ತಿದ್ದೋರೇ ಇವ್ರು!"

ಇಡೀ ಸಾಲು ನನ್ನನ್ನೇ ನೋಡಿತು. ಹುಡುಗಿ ದನಿ ತಗ್ಗಿಸಿ ಇಂಕ್ ಪ್ಯಾಡ್ ಮುಂದೆ ಸರಿಸಿದಳು. "ಪರ್ವಾಗಿಲ್ಲ ಸಾರ್, ಹೆಬ್ಬೆಟ್ಟು ಒತ್ಬಿಡಿ."

ಕನ್ನಡ ಎಂ.ಎ. ಹೆಬ್ಬೆಟ್ಟೊತ್ತಿ ಹೊರಗೆ ಬಂತು.

೨. ಗುಬ್ಬಿಯ ಅತ್ತೆ

"ದೃಷ್ಟಿ ಕಣ್ಲಾ. ಮುತ್ತಿನಂಗೆ ಬರೀತಿದ್ದೆ, ಯಾರ್ದೋ ಕಣ್ ಬಿದ್ದೈತೆ" ಎಂದಳು ಗುಬ್ಬಿಯಲ್ಲಿರುವ ನನ್ನ ಸೋದರತ್ತೆ. ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ದೃಷ್ಟಿಯಾಗಿದ್ದರೆ ಘಾಟು ಬರಬಾರದಂತೆ. ಬಂತು ನೋಡಿ! ನಾನು ಕೆಮ್ಮಿದೆ, ಅತ್ತೆ ಕೆಮ್ಮಿದಳು, ಪಕ್ಕದ ಮನೆಯವರೆಲ್ಲ ಕೆಮ್ಮುತ್ತಾ ಬೀದಿಗೆ ಬಂದರು.

ಅತ್ತೆ ಕಣ್ಣೊರೆಸಿಕೊಂಡು ಎಲ್ಲರೆದುರೇ ತೀರ್ಪು ಕೊಟ್ಟಳು: "ದೃಷ್ಟಿ ಅಲ್ಲ ಬುಡು. ಸೋಂಬೇರಿತನ."

೩. ಕುಣಿಗಲ್ಲಿನ ಸ್ಪರ್ಧೆ

ಕುಣಿಗಲ್ಲಿನ ಶಾಲೆಯೊಂದರಲ್ಲಿ ಕೈಬರಹ ಸ್ಪರ್ಧೆ, ತೀರ್ಪುಗಾರ ನಾನು. ಬರೀ ನೋಡೋ ಕೆಲಸ ತಾನೇ ಅಂತ ಒಪ್ಪಿಕೊಂಡಿದ್ದೆ. ಅಲ್ಲಿ ಹೆಡ್‌ಮಿಸ್ಸು ಸೀಮೆಸುಣ್ಣ ಕೊಟ್ಟು, "ಬೋರ್ಡ್ ಮೇಲೆ 'ಕನ್ನಡ' ಅಂತ ಬರೆದು ಉದ್ಘಾಟನೆ ಮಾಡಿ ಸಾರ್" ಎಂದರು. ಆಗೋಲ್ಲ ಅನ್ನೋಕೆ ನಾಚಿಕೆಯಾಗಿ ಬರೆದೆ. 'ಕ' ಕುಂಟಿತು, 'ನ್ನ' ಮಗುಚಿಬಿತ್ತು, 'ಡ' ಬೋರ್ಡ್ ದಾಟಿ ಗೋಡೆಗೆ ಹೋಯಿತು.

ಹೆಡ್‌ಮಿಸ್ಸು ಮೈಕ್ ಹಿಡಿದು, "ಮಕ್ಕಳೇ, ಹೇಗೆ ಬರೀಬಾರ್ದು ಅಂತ ಸಾರ್ ಎಷ್ಟ್ ಚೆನ್ನಾಗಿ ತೋರ್ಸಿದ್ರು ನೋಡಿ!" ಎಂದರು. ಚಪ್ಪಾಳೆಯೋ ಚಪ್ಪಾಳೆ. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ತಡೆಯಲಾರದೆ ಮೈಕ್ ಇಸಕೊಂಡೆ. "ಬೇಕಂತ ಬರೆದಿದ್ದಲ್ಲಮ್ಮ. ನಂಗೆ ಬರೋದೇ ಅಷ್ಟು. ಕಾಯಿಲೆ."

ಹಿಂದಿನ ಸಾಲಿನಲ್ಲೊಬ್ಬಳು ಹುಡುಗಿ ಎದ್ದು ನಿಂತಳು. "ಮಿಸ್, ನಂಗೂ ಹಂಗೇ ಅಂದ್ರೆ ನೀವು ಕಳ್ಳಾಟ ಅಂತ ಹೊಡುದ್ರಿ!" ಹೆಡ್‌ಮಿಸ್ಸು ತಲೆ ತಗ್ಗಿಸಿದರು. ಹುಡುಗಿ ನೇರ ವೇದಿಕೆಗೇ ಬಂದು ತನ್ನ ಹಾಳೆ ನನ್ನ ಮುಂದೆ ಚಾಚಿದಳು. "ನೋಡಿ ಸಾರ್, ನಂದು ನಿಮ್ದಕ್ಕಿಂತ ಕೆಟ್ಟದಾಗೈತೆ!"

ಹಾಳೆಯನ್ನೂ ಬೋರ್ಡನ್ನೂ ಮತ್ತೆ ಮತ್ತೆ ಹೋಲಿಸಿ ನೋಡಿದೆ. ತೀರ್ಪುಗಾರ ಸುಳ್ಳು ಹೇಳಬಾರದಲ್ಲ?

"ಇಲ್ಲ ಕಣಮ್ಮ," ಎಂದೆ, "ಫಸ್ಟು ನಾನೇ."